ಸಣ್ಣಗಾದ ಹೊಲಿಗೆ

ನನ್ನ ಹೊಲಿಗೆ ಸಣ್ಣಗಾಗಲಿಕ್ಕೆ ಶುರುವಾದಾಗ ಊರೆಲ್ಲ ನನ್ನನ್ನು ಹೊಗಳಿತು. ರೋಗಕ್ಕೆ ಅಷ್ಟು ಹೊಗಳಿಕೆ ಸಿಕ್ಕಿದ್ದನ್ನು ನಾನು ಬೇರೆ ಎಲ್ಲೂ ಕೇಳಿಲ್ಲ.

ನಾನು ಹುಟ್ಟಿದ್ದು ಗುಂಡಗುರ್ತಿ, ಬಾಳಿದ್ದು ಶಹಾಬಾದ. ಎರಡನೇ ಈಯತ್ತೆ ಅರ್ಧಕ್ಕೆ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ತ್ರಾಸು. ಒತ್ತಕ್ಷರ ತಪ್ಪಿದ್ದಲ್ಲಿ ಸೊಸೆ ಸುವರ್ಣ ತಿದ್ದಿದ್ದಾಳೆ. ಮಾತು ಮಾತ್ರ ತಿದ್ದಬೇಡ ಅಂತ ಹೇಳಿದ್ದೇನೆ. ಗಂಡ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿದು ತೀರಿಹೋದ. ಮಗ ಶರಣಪ್ಪ ಫರ್ಸಿ ಪಾಲಿಶ್ ಮಷೀನಿನ ಮೇಲೆ ಇದ್ದಾನೆ. ಮಗಳು ನೀಲಾಳನ್ನು ಚಿಂಚೋಳಿಗೆ ಕೊಟ್ಟಿದ್ದೇವೆ. ನನ್ನ ಕೆಲಸ ಕೌದಿ ಹೊಲಿಯುವುದು.

ಹಳೆ ಸೀರೆ, ಹಳೆ ಧೋತರ ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುವ ತನಕ ಹೊಲಿಯಬೇಕು. ಚೊಚ್ಚಲ ಕೂಸಿಗೆ ತವರಿನ ಕೌದಿಯೇ ಆಗಬೇಕು, ಅದರೊಳಗೆ ಅಜ್ಜಿಯ ಸೀರೆ ಇರಬೇಕು. ಒಂದು ಮೂಲೆ ಮಾತ್ರ ಹೊಲಿಯದೆ ಬಿಟ್ಟಿರುತ್ತೇವೆ. ಎಲ್ಲ ಮುಗಿದ ಮೇಲೆ ಒಂದು ಚೂರು ಹೋಳಿಗೆಯನ್ನೋ ಬೆಲ್ಲ ಸವರಿದ ರೊಟ್ಟಿಯನ್ನೋ ಆ ಬಾಯಿಯಲ್ಲಿ ಇಟ್ಟು ಮುಚ್ಚುತ್ತೇವೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತ ಅದಕ್ಕೆ ಹೆಸರು. ಹಸಿದ ಕೌದಿ ಹೊದ್ದ ಕೂಸು ಅಳುತ್ತದೆ ಅಂತ ನಮ್ಮ ಹಿರಿಯರು ಹೇಳಿದ್ದು. ಹೊಟ್ಟೆ ತುಂಬಿದ ಕೌದಿ ಹೊದ್ದು ಅಳುವ ಕೂಸುಗಳನ್ನೂ ನಾನು ನೋಡಿದ್ದೇನೆ, ಅದು ಬೇರೆ ಮಾತು.

ನನ್ನ ಹೊಲಿಗೆ ಮೊದಲು ಜೋಳದ ಕಾಳಿನಷ್ಟು ಇರುತ್ತಿತ್ತು. ಯಾವಾಗ ಅಂತ ಗೊತ್ತಾಗದ ಹಾಗೆ ಅದು ಸಜ್ಜೆಯಾಯಿತು, ಆಮೇಲೆ ಎಳ್ಳಾಯಿತು. ನಾನೇನು ಬೇಕಂತ ಮಾಡಿದ್ದಲ್ಲ. ಆದರೆ ಓಣಿಯ ಹೆಣ್ಣುಮಕ್ಕಳು ಕೌದಿ ಮೇಲೆ ಕೈಯಾಡಿಸಿ, ವಯಸ್ಸಾದಂಗ ನಾಗಮ್ಮನ ಕೈ ನಾಜೂಕಾಗ್ಯದ ಅಂದರು. ಚಿತ್ತಾಪುರದಿಂದ, ವಾಡಿಯಿಂದ ಎಳ್ಳು ಹೊಲಿಗೆಯ ಕೌದಿ ಬೇಕು ಅಂತ ಕೇಳಿಕೊಂಡು ಬಂದರು. ನನಗೂ ಸೊಕ್ಕು ಬಂತು.

ಅದೇ ಕಾಲಕ್ಕೆ ನನ್ನ ಧ್ವನಿ ಸಣ್ಣಗಾಯಿತು. ನನ್ನ ಬಾಯಿ ಎಂಥದು ಅಂತ ಶಹಾಬಾದಕ್ಕೆ ಗೊತ್ತು. ಅತ್ತಿ ಮೆತ್ತಗಾಗ್ಯಾರ ಅಂತ ನೆರೆಯವರು ಸಂತೋಷಪಟ್ಟರು. ಸುವರ್ಣ ಒಬ್ಬಳೇ ಒಂದು ದಿನ ಒಲೆ ಮುಂದೆ ಕುಳಿತು, "ಅತ್ತಿ, ನೀವು ಬೈಯ್ಯೋದು ಕೇಳಸ್ವಲ್ದು. ಸ್ವಲ್ಪ ಜೋರು ಬೈರಿ" ಅಂದಳು. ಆಮೇಲೆ ನನ್ನ ಮುಖವೂ ಬಿಗಿಯಾಯಿತು, ನಗು ಬೇಗ ಬರಲಿಲ್ಲ. ಅದಕ್ಕೂ ಮಂದಿ, ಈಗ ನೋಡ್ರಿ ಹಿರೇತನ ಬಂದದ ಅಂದರು. ನಾಜೂಕು ಕೈ, ಮೆತ್ತನೆ ಮಾತು, ಗಂಭೀರ ಮುಖ. ಅರವತ್ತು ವರ್ಷ ಹತ್ತಿರ ಬಂದರೂ ನನಗೆ ಇಲ್ಲದ ಒಳ್ಳೆ ಗುಣಗಳನ್ನು ಆ ರೋಗ ಒಂದೇ ಸಲಕ್ಕೆ ತಂದುಕೊಟ್ಟಿತ್ತು.

ದವಾಖಾನೆಗೆ ಹೋಗಿದ್ದು ಬಲಗಡೆ ಭುಜ ನೋಯುತ್ತದೆ ಅಂತ. ಶಹಾಬಾದಕ್ಕೆ ಆಗ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದಿದ್ದರು, ಮೈಸೂರು ಕಡೆಯವರು. ಭುಜ ಮುಟ್ಟುವುದು ಬಿಟ್ಟು, ಬಾಗಿಲ ತನಕ ನಡೆದು ಬನ್ನಿ ಅಂದರು. ನಡೆದೆ. ಇನ್ನೊಮ್ಮೆ ಅಂದರು. ಒಂದು ಕೈ ಬೀಸುತ್ತದೆ, ಇನ್ನೊಂದು ಜೋತು ಬಿದ್ದಿದೆ ಅಂತ ಅವರು ಹೇಳಿದ ಮೇಲೆ ನನಗೆ ಗೊತ್ತಾಗಿದ್ದು. ಹೆಸರು ಬರೆಯಿರಿ ಅಂದರು. ನಾಗಮ್ಮ ಅಂತ ಬರೆದೆ. ನಾ ದೊಡ್ಡದಿತ್ತು, ಮ್ಮ ಇರುವೆಯಷ್ಟಾಗಿತ್ತು. ನನಗೆ ಬರೆಯುವ ರೂಢಿ ಇಲ್ಲ ಅಂದೆ. ಹಾಗಾದರೆ ಕೈಯಿಂದ ಏನು ಮಾಡುತ್ತೀರಿ ಅಂತ ಕೇಳಿದರು. ಕೌದಿ ಅಂದೆ. ಒಂದು ತಂದು ತೋರಿಸಿ ಅಂದರು. ನನ್ನ ಹೊಲಿಗೆ ಹೊಗಳಲಿಕ್ಕೆ ಇನ್ನೊಬ್ಬರು ಹೆಚ್ಚಾದರು ಅಂದುಕೊಂಡು, ಮೊದಲು ದೊಡ್ಡದಿತ್ತು, ಈಗ ಭಾಳ ನಾಜೂಕಾಗ್ಯದ್ರಿ ಅಂದೆ. ಅವರು ಪೆನ್ನು ಕೆಳಗಿಟ್ಟರು. ಹಳೆಯವೂ ತನ್ನಿ ಅಂದರು.

ಸುವರ್ಣ ಓಣಿಯೆಲ್ಲ ತಿರುಗಿ ಕೌದಿ ಕೇಳಿ ತಂದಳು. ಮರುದಿನ ದವಾಖಾನೆಯ ಪಡಸಾಲೆಯ ಫರ್ಸಿ ಮೇಲೆ ಅವನ್ನೆಲ್ಲ ಹಾಸಿದೆವು. ಯಾವುದು ಮೊದಲು, ಯಾವುದು ಆಮೇಲೆ ಅಂತ ನಾನು ಕೂಸುಗಳ ಮೇಲೆ ಹೇಳಿದೆ. ಇದು ಪಕ್ಕದ ಮನೆಯ ಹುಡುಗನದು, ಅವನೀಗ ಶಾಲೆಗೆ ಹೋಗುತ್ತಾನೆ. ಇದು ಹಾಲು ಮಾರುವವರ ಹುಡುಗಿಯದು, ಈಗ ಓಡಾಡುತ್ತಾಳೆ. ಇದು ಇನ್ನೂ ಮೊಲೆ ಕುಡಿಯುವ ಕೂಸಿನದು, ಈಗಷ್ಟೇ ತೊಟ್ಟಿಲಿಂದ ಎತ್ತಿ ತಂದಿದ್ದು, ಬೆಚ್ಚಗಿತ್ತು. ಡಾಕ್ಟರಮ್ಮ ಚಪ್ಪಲಿ ಬಿಟ್ಟು ಮೊಣಕಾಲೂರಿ ಒಂದೊಂದು ಕೌದಿಯ ಸಾಲು ಹಿಡಿದು ಬೆರಳಾಡಿಸುತ್ತಾ ಹೋದರು. ಜೋಳ, ಸಜ್ಜೆ, ಎಳ್ಳು. ಕಡೆಯದರಲ್ಲಿ ಗಸಗಸೆ. ಜ್ವರ ಬಂದವರು, ಕೆಮ್ಮುವವರು ಎಲ್ಲ ಎದ್ದು ಬಂದು ಸುತ್ತ ನಿಂತರು.

ಆ ಹೊತ್ತು ನನಗೆ ಅಂಜಿಕೆಗಿಂತ ಮೊದಲು ಬಂದಿದ್ದು ಬೆರಗು. ನನಗೆ ಗೊತ್ತಿಲ್ಲದ ಸಂಗತಿ ನನ್ನ ಕೈಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಗೊತ್ತಿದ್ದು ಸುಮ್ಮನಿರಲಿಲ್ಲ, ಸಾಲು ಸಾಲಾಗಿ ಹೇಳಿಬಿಟ್ಟಿತ್ತು. ಹೇಳಿದ್ದನ್ನು ಊರ ಕೂಸುಗಳು ಹೊದ್ದು ಮಲಗಿದ್ದವು. ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ.

ಇದು ನರದ ರೋಗದ ಗುರುತು ಇರಬಹುದು ಅಂತ ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ವಾಡಿಯಿಂದ ರೈಲು ಹಿಡಿದು ಹೈದರಾಬಾದಕ್ಕೆ ಹೋದೆವು, ನಾನು ಮತ್ತು ಶರಣಪ್ಪ. ಚಿತ್ತಾಪುರ ದಾಟಿತು, ಸೇಡಂ ದಾಟಿತು. ಅಲ್ಲಿನ ದೊಡ್ಡ ದವಾಖಾನೆಯಲ್ಲಿ ಉದ್ದನೆ ಬೆಂಚುಗಳು. ನನ್ನ ಮುಂದಿನ ವರ್ಷಗಳೆಲ್ಲ ಆ ಬೆಂಚುಗಳ ಮೇಲೆ ಸಾಲಾಗಿ ಕುಳಿತಿದ್ದವು. ಒಬ್ಬರಿಗೆ ತಲೆ ಅಲ್ಲಾಡುತ್ತಿತ್ತು, ಒಬ್ಬರಿಗೆ ಎದ್ದು ನಿಂತರೆ ಕಾಲು ಏಳುತ್ತಿರಲಿಲ್ಲ. ಪಕ್ಕದಲ್ಲಿ ಸೇಡಂ ಕಡೆಯ ಹೆಣ್ಣುಮಗಳು, ಗಂಡನ ಬಾಯಿ ಒರೆಸುತ್ತಾ ಕುಳಿತಿದ್ದಳು. ನಿಮ್ಮಲ್ಲಿ ಯಾರಿಗೆ ಆರಾಮಿಲ್ಲ ಅಂತ ಕೇಳಿದಳು. ನನಗೇ ಅಂದೆ. ನನ್ನನ್ನು ತಲೆಯಿಂದ ಕಾಲ ತನಕ ನೋಡಿದಳು.

"ನಮ್ಮ ಮನಿಯವರು ಬೀಳಾಕತ್ತ ಮ್ಯಾಲೆ ನಾವು ಬಂದೀವ್ರಿ. ನೀವು ಬೀಳೋಕಿಂತ ಮೊದಲೇ ಬಂದೀರಲ್ಲ" ಅಂದಳು.

ಹೊಟ್ಟೆಕಿಚ್ಚಿನಿಂದ ಅಂದಿದ್ದಲ್ಲ. ಎರಡು ತಲೆ ಕರು ನೋಡಿದವರ ಹಾಗೆ ನೋಡಿದಳು. ಆಮೇಲೆ ಗಂಟು ಬಿಚ್ಚಿ ನಮಗಿಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಪಲ್ಯದ ವಾಸನೆ ನನಗೆ ಬರಲಿಲ್ಲ, ಹುಳಿ ಮಾತ್ರ ನಾಲಿಗೆಗೆ ಸಿಕ್ಕಿತು. ವಾಸನೆ ಹೋಗಿ ಎಷ್ಟು ವರ್ಷವಾಗಿತ್ತೋ. ಆ ಪಲ್ಯ ತಿನ್ನುವಾಗ ಅದೂ ಗೊತ್ತಾಯಿತು.

ದೊಡ್ಡ ಡಾಕ್ಟರು ಪಾರ್ಕಿನ್ಸನ್ ಅಂತ ಹೆಸರು ಹೇಳಿದರು, ವಾಸನೆ ಹೋಗಿದ್ದೂ ಅದರದೇ ಅಂದರು. ನನ್ನ ನಾಲಿಗೆಗೆ ಕೂಡಲಿಲ್ಲ, ಶರಣಪ್ಪ ಬಾಯಿಪಾಠ ಮಾಡಿಕೊಂಡ. ಇದು ಹೋಗುವ ರೋಗವಲ್ಲ, ನಿಧಾನ ಬರುವ ರೋಗ, ನೀವು ಭಾಳ ಬೇಗ ಬಂದಿದ್ದೀರಿ, ಗುಳಿಗೆ ಈಗಲೇ ಬೇಡ, ಕೆಲಸಕ್ಕೆ ಅಡ್ಡಿಯಾದಾಗ ಶುರುಮಾಡೋಣ ಅಂದರು. ಮಕ್ಕಳಿಗೆ ಬರುತ್ತದೇನು ಅಂತ ಕೇಳಿದೆ. ಹೆಚ್ಚಾಗಿ ಇಲ್ಲ ಅಂದರು. ಹೆಸರಿಟ್ಟರು, ಗುಳಿಗೆ ಕೊಡಲಿಲ್ಲ. ಬರಿ ಹೆಸರು ಹೊತ್ತುಕೊಂಡು ಅದೇ ರೈಲಿನಲ್ಲಿ ವಾಪಸ್ಸು ಬಂದೆವು.

ನಮ್ಮ ಗುಂಡಗುರ್ತಿಯಲ್ಲಿ ನನ್ನ ಸೋದರತ್ತೆಗೂ ಕೈ ನಡುಗುತ್ತಿತ್ತು. ಅತ್ತಿ ಕೈಯಾಗ ಮಜ್ಜಿಗಿ ಗಡಿಗಿ ಕೊಡ್ರಿ, ತಾನೇ ಕಡೀತದ ಅಂತ ನಾವು ಚೇಷ್ಟೆ ಮಾಡುತ್ತಿದ್ದೆವು, ಅವಳೂ ನಗುತ್ತಿದ್ದಳು. ಅದಕ್ಕೆ ಮುಪ್ಪು ಅಂತ ಹೆಸರಿತ್ತು. ಮುಪ್ಪಿಗೆ ಹೆದರಿ ಯಾರೂ ಅವಳ ಮಕ್ಕಳ ನೆಂಟಸ್ತಿಕೆ ಬಿಟ್ಟಿರಲಿಲ್ಲ. ನನಗೆ ಕೈ ನಡುಗುವ ಮೊದಲೇ ಹೆಸರು ಬಂತು. ಪಡಸಾಲೆಯಲ್ಲಿ ಕೌದಿ ಹಾಸಿದ್ದನ್ನು ಊರೇ ನೋಡಿತ್ತು, ಅದರ ಸುದ್ದಿ ನನಗಿಂತ ಮೊದಲು ಸೇಡಂ ಮುಟ್ಟಿತ್ತು.

ಮೊಲೆ ಕುಡಿಯುವ ಕೂಸಿನ ತಾಯಿ ಕೌದಿ ವಾಪಸ್ಸು ತಂದು ಬಾಗಿಲಲ್ಲಿ ಇಟ್ಟಳು. ಸಿಟ್ಟು ಮಾಡಬ್ಯಾಡ್ರಿ ಅಂದಳು. ಮಾಡಿದೆ. ನನ್ನ ಧ್ವನಿ ಅವಳ ಕಿವಿಗೆ ಮುಟ್ಟಲಿಲ್ಲ ಅಷ್ಟೇ. ಸೇಡಂದಲ್ಲಿ ಕನ್ಯಾ ನೋಡಲಿಕ್ಕೆ ಹೋದವರು ಹುಡುಗಿಗೆ, ನಡೆದು ತೋರಿಸು ಅನ್ನುವುದು ಬಿಟ್ಟು, ಒಂದು ಸಾಲು ಹೊಲಿದು ತೋರಿಸು ಅಂದರಂತೆ. ಆ ಹುಡುಗಿಗೆ ಹೊಲಿಗೆಯೇ ಬರುತ್ತಿರಲಿಲ್ಲ, ಪಾಪ. ಚಿತ್ತಾಪುರದ ಒಬ್ಬ ಮಾಸ್ತರರು ತಮ್ಮ ರೋಗಕ್ಕೂ ಅದೇ ಹೆಸರು ಅಂತ ಗೊತ್ತಾದ ದಿನ ಹಾಸಿಗೆ ಹಿಡಿದರು. ಕೈ ಕಾಲು ಎಲ್ಲ ಚೆನ್ನಾಗಿತ್ತು. ರೋಗ ಇನ್ನೂ ದಾರಿಯಲ್ಲಿತ್ತು, ಅವರೇ ಎದುರಿಗೆ ಹೋಗಿ ಕರೆದುಕೊಂಡರು. ವಾಡಿಯ ಟೇಲರನ ಹೆಂಡತಿ ಮಾತ್ರ ಜಾಣೆ. ಗಂಡನ ಒಂದು ಕೈ ಬೀಸುವುದಿಲ್ಲ ಅಂತ ನೋಡಿದ್ದೇ ಬೈದು ಬೈದು ರೈಲು ಹತ್ತಿಸಿದಳು. ಅವನು ಗುಳಿಗೆ ನುಂಗುತ್ತಾ ಈಗಲೂ ಜಂಪರು ಹೊಲಿಯುತ್ತಾನೆ. ಒಂದೇ ಸುದ್ದಿ ಒಬ್ಬನನ್ನು ಎಬ್ಬಿಸಿತು, ಇನ್ನೊಬ್ಬನನ್ನು ಮಲಗಿಸಿತು. ಸುದ್ದಿಗೆ ಅಷ್ಟು ಬಲ ಇರುತ್ತದೆ ಅಂತ ನನಗೆ ತಿಳಿದಿರಲಿಲ್ಲ.

ಹೀಗಿರುವಾಗ ನೀಲಾ ಬಸಿರಾದಳು. ಚೊಚ್ಚಲ. ತವರಿಗೆ ಕರೆತರಲಿಕ್ಕೆ ಶರಣಪ್ಪ ಚಿಂಚೋಳಿಗೆ ಹೋದ, ಖಾಲಿ ಕೈಯಲ್ಲಿ ಬಂದ. ಬಾಣಂತನ ಅಲ್ಲೇ ಮಾಡುತ್ತಾರಂತೆ, ಕೌದಿ ಕಳಿಸಬಾರದಂತೆ. ಬೀಗತಿ ಸಿದ್ದಮ್ಮನ ಮಾತು. ನಮ್ಮಲ್ಲಿ ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸದಿದ್ದರೆ, ತವರು ಸತ್ತುಹೋಗಿದೆ ಅಂತ ಅರ್ಥ. ನಾನು ಇನ್ನೂ ರೊಟ್ಟಿ ಬಡಿಯುತ್ತಿದ್ದೆ, ನೀರು ಸೇದುತ್ತಿದ್ದೆ. ರೋಗ ನನ್ನ ಹೊಲಿಗೆ, ಧ್ವನಿ, ವಾಸನೆ ಬಿಟ್ಟು ಬೇರೆ ಏನನ್ನೂ ಒಯ್ದಿರಲಿಲ್ಲ. ಸುದ್ದಿ ನನ್ನ ಮಗಳನ್ನೇ ಒಯ್ಯಲಿಕ್ಕೆ ಬಂದಿತ್ತು.

ನಾನು ಅವತ್ತೇ ಸಂದೂಕದಿಂದ ನನ್ನ ಮದುವೆಯ ಸೀರೆ ತೆಗೆದು ಕೌದಿ ಹಾಸಿದೆ. ಕಳಿಸಬೇಡ ಅಂದರೆ ಬಿಡುವವಳಲ್ಲ ನಾನು. ಆದರೆ ಕೈ ಕೇಳಲಿಲ್ಲ. ಎಳ್ಳು, ಗಸಗಸೆ, ಆಮೇಲೆ ಸೂಜಿ ಹಾಕಿದಲ್ಲೇ ಹಾಕುತ್ತಿತ್ತು. ಬಟ್ಟೆಯ ಮೇಲೆ ಕೈ ನಿಂತುಬಿಡುತ್ತಿತ್ತು, ಗಾಡಿ ಎತ್ತು ಹೊಳೆಯಲ್ಲಿ ನಿಂತ ಹಾಗೆ. ನಾನು ಡಾಕ್ಟರಮ್ಮನ ಹತ್ತಿರ ಹೋಗಿ, ಈಗ ಕೆಲಸಕ್ಕೆ ಅಡ್ಡಿಯಾಗ್ಯದ, ಗುಳಿಗಿ ಕೊಡ್ರಿ ಅಂದೆ. ಅವರು ಹೈದರಾಬಾದಕ್ಕೆ ಫೋನು ಹಚ್ಚಿ ಮಾತಾಡಿ ಬರೆದುಕೊಟ್ಟರು.

ಮೊದಮೊದಲು ಹೊಟ್ಟೆ ತೊಳಸಿತು, ತಲೆ ತಿರುಗಿತು. ಗುಳಿಗೆ ಅಲ್ಲ ವಿಷ ಅಂದೆ. ಆಮೇಲೆ ಒಂದು ದಿನ ಮುಂಜಾನೆ, ಬಿಸಿಲು ಅಂಗಳಕ್ಕೆ ಬಂದ ಹೊತ್ತು, ಕೌದಿ ಹಿಡಿದು ಕುಳಿತಿದ್ದೆ. ಗಸಗಸೆ ಹೊಲಿಗೆ ಸಾಗುತ್ತಿತ್ತು. ನಾನು ಕೈಗೆ ಏನೂ ಹೇಳಲಿಲ್ಲ. ಹೊಲಿಗೆ ಎಳ್ಳಾಯಿತು. ಸಜ್ಜೆಯಾಯಿತು. ಸಾಲು ತಿರುಗುವಷ್ಟರಲ್ಲಿ ಜೋಳವಾಯಿತು. ಸುವರ್ಣಾ ಅಂತ ಕರೆದೆ. ಅವಳು ಒಳಗಿನಿಂದ ಓಡಿ ಬಂದಳು, ಏನಾತ್ರಿ ಅಂದಳು. ಕೌದಿ ತೋರಿಸಿದೆ. ಅವಳು ಕೌದಿ ನೋಡಲಿಲ್ಲ, ನನ್ನ ಮುಖ ನೋಡಿ ಅತ್ತಳು. ನನ್ನ ಕೂಗು ಒಳಗಿನ ತನಕ ಕೇಳಿಸಿತ್ತು ಅನ್ನುವುದು ನನಗೆ ಆಮೇಲೆ ಹೊಳೆಯಿತು.

ನಾನು ಗುಡಿಗೆ ಹೋದಾಗ ಕೂಡ ಅಷ್ಟು ಸುಮ್ಮನೆ ಕುಳಿತವಳಲ್ಲ. ಕಡಲೆಬೇಳೆಯಷ್ಟು ಗುಳಿಗೆ, ಅದಕ್ಕೆ ನನ್ನ ಕೈ ಎಲ್ಲಿದೆ ಅಂತ ಹೇಗೆ ಗೊತ್ತಾಯಿತು? ಮಧ್ಯಾಹ್ನಕ್ಕೆ ಗುಳಿಗೆಯ ಬಲ ಇಳಿಯಿತು, ಹೊಲಿಗೆ ಮತ್ತೆ ಸಣ್ಣಗಾಯಿತು. ಮತ್ತೆ ನುಂಗಿದೆ, ಮತ್ತೆ ದೊಡ್ಡದಾಯಿತು. ಕೌದಿ ತುಂಬಾ ಹಾಗೇ. ಬಿಚ್ಚಿ ಸಮ ಮಾಡ್ರಿ ಅಂತ ಸುವರ್ಣ ಅಂದಳು. ನಾನು ಬಿಚ್ಚಲಿಲ್ಲ. ಒಂದು ಮೂಲೆ ಬಾಯಿ ಬಿಟ್ಟು, ಗಂಟು ಕಟ್ಟಿ, ಸೇಡಂ ಮೇಲೆ ಚಿಂಚೋಳಿಗೆ ಹೋಗುವ ಬಸ್ಸು ಹತ್ತಿದೆ.

ಸಿದ್ದಮ್ಮ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬರ್ರಿ ಬೀಗತಿ, ಕುಂದ್ರಿ ಅಂದಳು, ಏಳಲಿಲ್ಲ. ನೀಲಾ ನೀರು ತಂದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ಬತ್ತಿತ್ತು. ಅವಳ ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು. ಇದೇನವ್ವಾ ಅಂದೆ. ಅವಳು ಅತ್ತೆಯ ಮುಖ ನೋಡಿದಳು.

"ನಾನೇ ಹೊಲಿಸ್ತೀನ್ರಿ" ಅಂದಳು ಸಿದ್ದಮ್ಮ. "ದಿನಾ ಸಂಜಿಗಿ ಒಂದು ಸಾಲು. ಸಣ್ಣಗಾಗ್ತದೇನು ಅಂತ ನೋಡ್ತೀನಿ. ಮುಚ್ಚುಮರಿ ಏನಿಲ್ಲ."

ಒಳಗೆ ಹೋಗಿ ಒಂದು ಬಟ್ಟೆ ತಂದು ನನ್ನ ಮುಂದೆ ಹಾಸಿದಳು. ಸಾಲುಗಳೆಲ್ಲ ಒಂದೇ ಅಳತೆ, ಅಚ್ಚು ಒತ್ತಿದ ಹಾಗೆ. ನನ್ನ ಮಗಳು ಒಂದೊಂದು ಹೊಲಿಗೆಯನ್ನೂ ಉಗುರಿನಿಂದ ಅಳೆದು ಹಾಕಿದ್ದಳು.

"ಇದು ಹೊಲಿಗಿ ಅಲ್ರಿ. ಅಂಜಿಕಿ" ಅಂದೆ.

ಸಿದ್ದಮ್ಮ ಮೊರ ಕೆಳಗಿಟ್ಟಳು. "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ ಬೀಗತಿ. ಗೊತ್ತಿಲ್ಲದಿದ್ರ ನಾನೂ ಉಡಿ ತುಂಬಿ ಕಳಸ್ತಿದ್ದೆ. ಮೊದಲೇ ಗೊತ್ತಾಗ್ಯದಲ್ಲ. ಗೊತ್ತಾದ ಮ್ಯಾಲೆ ಸುಮ್ನ ಹ್ಯಾಂಗ ಕೂಡ್ಲಿ, ನೀವೇ ಹೇಳ್ರಿ."

ಬಸ್ಸಿನಲ್ಲಿ ಕುಳಿತು ಬೈಗುಳ ಕೂಡಿಸಿಕೊಂಡು ಬಂದಿದ್ದೆ. ಆ ಮಾತಿಗೆ ಒಂದೂ ಕೆಲಸಕ್ಕೆ ಬರಲಿಲ್ಲ. ಅವಳು ಹೇಳಿದ್ದು ಖರೇ ಇತ್ತು. ಅವಳ ಜಾಗದಲ್ಲಿ ನಾನಿದ್ದರೆ ದಿನಕ್ಕೆ ಎರಡು ಸಾಲು ಹೊಲಿಸುತ್ತಿದ್ದೆ. ನಾನು ಗಂಟು ಬಿಚ್ಚಿ ಕೌದಿ ಹಾಸಿದೆ.

ಬೇಡ ಅಂದವಳು ಬಾಗಿ ನೋಡಿದಳು. ಬೆರಳು ಇಟ್ಟಳು. "ಇಲ್ಲಿ ಸಣ್ಣದದ. ಇಲ್ಲಿ ಮತ್ತ ದೊಡ್ಡದಾಗ್ಯದ. ಬ್ಯಾರೆಯವ್ರು ಹೊಲದಾರೇನು?"

"ಇಲ್ಲ. ನಾನೇ."

"ಮತ್ತ ಇಲ್ಲೇನಾತು?"

"ಅಲ್ಲಿ ಗುಳಿಗಿ ತೊಗೊಂಡೆ."

"ಇಲ್ಲಿ?"

"ಗುಳಿಗಿ ಇಳೀತು."

"ಇಲ್ಲಿ?"

"ಮತ್ತ ತೊಗೊಂಡೆ."

ಸಿದ್ದಮ್ಮ ಆಮೇಲೆ ಕೇಳಲಿಲ್ಲ. ಮೊಣಕಾಲ ಮೇಲೆ ಸರಿಯುತ್ತಾ, ಸಾಲಿನ ಮೇಲೆ ಬೆರಳಿಟ್ಟು ಅಂಚಿನಿಂದ ಸುತ್ತು ಬಂದಳು, ನಡುವಿನ ತನಕ. ಡಾಕ್ಟರಮ್ಮ ಮಾಡಿದ ಹಾಗೇ. ಕಾಗೆಗಳು ಬಂದು ತೊಗರಿ ತಿನ್ನುತ್ತಿದ್ದರೂ ಅತ್ತ ನೋಡಲಿಲ್ಲ. ನಡು ಮುಟ್ಟಿದ ಮೇಲೆ ಅಲ್ಲೇ ಕುಳಿತಳು.

"ಇಷ್ಟು ಸಲ ಬಿದ್ದು ಇಷ್ಟು ಸಲ ಎದ್ದೀರಿ" ಅಂದಳು.

ಆ ಮಾತನ್ನು ನನಗೆ ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲ. ಎಲ್ಲರೂ ಬೀಳುವುದನ್ನೇ ಎಣಿಸಿದ್ದರು, ನಾನೂ ಕೂಡ.

ಆಮೇಲೆ ಅವಳ ಕಣ್ಣು ಮೂಲೆಗೆ ಹೋಯಿತು. ಇದರ ಬಾಯಿ ಯಾಕೆ ಬಿಟ್ಟಿದ್ದೀರಿ ಅಂದಳು. ನಮ್ಮ ಮನೆಯಲ್ಲಿ ಹೊಟ್ಟೆ ತುಂಬಿಸಿ ತಂದರೆ ನೀವು ಒಲ್ಲೆ ಅಂತೀರಿ, ಅದಕ್ಕೆ ಹಸಿದೇ ತಂದೀನಿ, ಉಣಿಸುವುದು ಬಿಡುವುದು ನಿಮ್ಮ ಕೈಯಾಗದ ಅಂದೆ. ಮಕ್ಕಳಿಗೆ ಬರುತ್ತದೇನು ಅಂತ ಕೇಳಿದಳು. ಹೆಚ್ಚಾಗಿ ಇಲ್ಲ ಅಂದಾರ ಅಂದೆ. ಹೆಚ್ಚಾಗಿ ಅಂದರೇನು ಅಂದಳು. ನನಗೂ ಗೊತ್ತಿಲ್ಲ ಅಂದೆ. ಸುಳ್ಳು ಹೇಳಿ ಮಗಳನ್ನು ಕರೆದುಕೊಂಡು ಹೋಗುವುದು ನನಗೆ ಬೇಕಿರಲಿಲ್ಲ.

ಸಿದ್ದಮ್ಮ ಕೌದಿಯ ಬಾಯಿ ಬಿಡಿಸಿ ನೋಡಿದಳು. ಎದ್ದು ಒಳಗೆ ಹೋದಳು. ನೀಲಾ ನನ್ನ ಸೆರಗು ಹಿಡಿದು ನಿಂತಿದ್ದಳು, ಚಿಕ್ಕವಳಿದ್ದಾಗ ಹಿಡಿದ ಹಾಗೆ. ಅತ್ತೆ ಹೊರಗೆ ಬಂದಾಗ ಅಂಗೈಯಲ್ಲಿ ರೊಟ್ಟಿಯ ಚೂರಿತ್ತು, ಅದರ ಮೇಲೆ ಬೆಲ್ಲ.

"ನೀಲಾ, ಸೂಜಿ ತಾ" ಅಂದಳು.

ನೀಲಾ ದಿನಾ ಸಂಜೆ ಹೊಲಿಯುತ್ತಿದ್ದ ಅದೇ ಸೂಜಿ ತಂದಳು. ಸಿದ್ದಮ್ಮ ರೊಟ್ಟಿ ಚೂರನ್ನು ಕೌದಿಯ ಬಾಯಿಗೆ ಇಟ್ಟು ಹೊಲಿಯಲಿಕ್ಕೆ ಕುಳಿತಳು. ಅವಳಿಗೆ ಕೌದಿ ಬರುತ್ತಿರಲಿಲ್ಲ. ಒಂದೊಂದು ಹೊಲಿಗೆ ಶೇಂಗಾದಷ್ಟು, ಅದೂ ಸೊಟ್ಟ. ನಾನು ಬಾಯಿ ಕಟ್ಟಿಕೊಂಡು ಕುಳಿತೆ, ಅದು ನನಗೆ ರೋಗಕ್ಕಿಂತ ಕಷ್ಟ. ನೀಲಾಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು.

"ನಗಬ್ಯಾಡ" ಅಂದಳು ಸಿದ್ದಮ್ಮ, ತಲೆ ಎತ್ತದೆ. "ಇದನ್ನ ನೋಡಿ ನನ್ನನ್ನೂ ಹೈದರಾಬಾದಕ್ಕ ಕಳಸ್ತೀ ಏನು?"

ಮರುದಿನ ಉಡಿ ತುಂಬಿ ಕಳಿಸಿದಳು. ಆ ಸಾಲುಗಳ ಬಟ್ಟೆಯನ್ನು ಹರಿದು ಬಿಸಿ ಗಡಿಗೆ ಇಳಿಸುವ ಅರಿವೆ ಮಾಡಿದಳು. ಅಂಜಿಕೆ ಅವಳಿಗೆ ಪೂರಾ ಹೋಯಿತು ಅಂತ ನಾನು ಹೇಳುವುದಿಲ್ಲ. ಈಗಲೂ ನೀಲಾ ರೊಟ್ಟಿ ಬಡಿಯುವಾಗ ಅವಳ ಕೈ ಕಡೆಗೆ ಒಮ್ಮೆ ನೋಡುತ್ತಾಳಂತೆ. ನಾನೂ ನೋಡುತ್ತೇನೆ. ಗೊತ್ತಾಗಿದ್ದನ್ನು ಗೊತ್ತಿಲ್ಲ ಅಂತ ಮಾಡಲಿಕ್ಕೆ ಇನ್ನೂ ಯಾವ ಗುಳಿಗೆಯೂ ಬಂದಿಲ್ಲ.

ಹೆಣ್ಣು ಹುಟ್ಟಿತು. ಆ ಕೂಸಿಗೆ ಮಲಗುವಾಗ ಕೌದಿಯ ಸಾಲಿನ ಮೇಲೆ ಬೆರಳಾಡಿಸುವ ರೂಢಿಯಾಯಿತು. ದೊಡ್ಡ ಹೊಲಿಗೆಯಿಂದ ಸಣ್ಣದಕ್ಕೆ, ಸಣ್ಣದರಿಂದ ದೊಡ್ಡದಕ್ಕೆ. ಗುಳಿಗೆ ಏರಿದ್ದು ಇಳಿದಿದ್ದು ಅಂತ ಅದಕ್ಕೇನು ಗೊತ್ತು? ಬೆರಳು ಒಂದು ಸಣ್ಣ ಸಾಲಿಗೆ ಬರುವಷ್ಟರಲ್ಲಿ ನಿದ್ದೆ ಹತ್ತುತ್ತಿತ್ತು. ನಾನು ತೊಟ್ಟಿಲ ಪಕ್ಕ ಕುಳಿತು ನೋಡುತ್ತಿದ್ದೆ. ನನ್ನ ಕೈ ನಿಂತುಹೋಗಿದ್ದ ಜಾಗ ಅದು.

ಈಗ ನನ್ನ ಕೈ ನಡುಗುತ್ತದೆ, ಗುಳಿಗೆ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ. ಇದನ್ನು ಬರೆದಿದ್ದು ಅದು ಏರಿದ ಹೊತ್ತಿನಲ್ಲಿ, ಇಷ್ಟಿಷ್ಟೇ. ಹೋದ ವಾರ ನೀಲಾ ಮಗಳ ಜೊತೆ ಬಂದಿದ್ದಳು. ಹುಡುಗಿ ಉದ್ದವಾಗಿದ್ದಾಳೆ, ಕೌದಿಯಿಂದ ಕಾಲು ಹೊರಗೆ ಬರುತ್ತದೆ, ಆದರೂ ಬಿಡುವುದಿಲ್ಲ. ಅಲ್ಲಲ್ಲಿ ದಾರ ಸವೆದು ನನ್ನ ಹೊಲಿಗೆ ಬಿಚ್ಚಿದೆ, ಜೋಳವೂ ಬಿಚ್ಚಿದೆ, ಎಳ್ಳೂ ಬಿಚ್ಚಿದೆ. ಮೊದಲು ಹರಿಯುವುದು ಸಿದ್ದಮ್ಮನ ಮೂಲೆ ಅಂತ ನಾನು ಆವತ್ತೇ ಅಂದುಕೊಂಡಿದ್ದೆ. ಎಳೆದು ನೋಡಿದೆ. ಶೇಂಗಾದಷ್ಟು ಸೊಟ್ಟ ಹೊಲಿಗೆ, ಒಂದೂ ಬಿಚ್ಚಿಲ್ಲ.